ಬೆರಳಿಟ್ಟು ಓದಿದ ಸಾಲು

ಎರಡು ಭಾನುವಾರದ ಹಿಂದೆ ಸಿಂಧನೂರಿನ ನಮ್ಮ ಮನೆ ಮಾಳಿಗೆಯ ಮೇಲೆ ಎಂಟು ಮಂದಿ ಕೂತಿದ್ದರು. ಬ್ಯಾಂಕು, ರೈಲ್ವೆ, ಪಿಎಸ್‌ಐ, ಕೆಎಎಸ್ ಎಂದು ಒಬ್ಬೊಬ್ಬರದು ಒಂದೊಂದು ಪರೀಕ್ಷೆ. ಬಿಸಿಲು ಏರುವುದರೊಳಗೆ ಮುಗಿಸಬೇಕು, ಹಾಗಾಗಿ ಬೆಳಿಗ್ಗೆ ಏಳಕ್ಕೇ ಶುರು ಮಾಡುತ್ತೇವೆ. ತುಂಗಭದ್ರಾ ಎಡದಂಡೆ ಕಾಲುವೆಯ ಬಗ್ಗೆ ನಾನೇ ಬರೆದ ಒಂದು ಗದ್ಯಭಾಗ, ಅದರ ಕೆಳಗೆ ಐದು ಪ್ರಶ್ನೆ, ಎಂಟು ನಿಮಿಷ.

ಸಿರವಾರ ಕಡೆಯ ಹುಡುಗಿಯೊಬ್ಬಳು ನಾಲ್ಕೇ ನಿಮಿಷಕ್ಕೆ ಪೆನ್ನು ಕೆಳಗಿಟ್ಟಳು. ಉಳಿದವರು ಇನ್ನೂ ಎರಡನೇ ಪ್ಯಾರಾದಲ್ಲಿದ್ದರು. ನೋಡಿದರೆ ಐದರಲ್ಲಿ ಮೂರು ಸರಿ, ಎರಡು ತಪ್ಪು. ತಪ್ಪಾದ ಎರಡರಲ್ಲಿ ಒಂದು ನನ್ನನ್ನು ಈ ಬರಹಕ್ಕೆ ಕೂರಿಸಿದೆ. ಕಾಲುವೆಯ ಕೊನೆ ಭಾಗದ ಹೊಲಗಳಿಗೆ ನೀರು ತಲುಪದಿರುವುದಕ್ಕೆ ಗದ್ಯಭಾಗದ ಪ್ರಕಾರ ಕಾರಣವೇನು ಎಂದು ಪ್ರಶ್ನೆ. ಮೇಲ್ಭಾಗದವರ ಭತ್ತ ಒಂದೇ ಮುಖ್ಯ ಕಾರಣ ಎಂಬ ಉತ್ತರಕ್ಕೆ ಅವಳು ಗುರುತು ಹಾಕಿದ್ದಳು. ಹಾಳೆಯಲ್ಲಿದ್ದ ಸಾಲು ಹೀಗಿತ್ತು: ‘ಮೇಲ್ಭಾಗದಲ್ಲಿ ಭತ್ತ ಬೆಳೆಯುವುದೂ ಇದಕ್ಕೆ ಮುಖ್ಯ ಕಾರಣ.’ ಮುಂದಿನ ಸಾಲುಗಳಲ್ಲಿ ಹೂಳಿನ ಮಾತಿತ್ತು, ಅಕ್ರಮ ಪಂಪ್‌ಸೆಟ್ಟುಗಳ ಮಾತಿತ್ತು.

ತಪ್ಪು ಎಂದಾಗ ಅವಳ ಮುಖ ಕೆಂಪಾಯಿತು. “ನಮ್ಮ ಹೊಲಕ್ಕ ನೀರು ಬರಲ್ರೀ ಅಕ್ಕಾರ. ಯಾಕ ಬರಲ್ಲ ಅಂತ ನಮಗ ಗೊತ್ತಿಲ್ಲೇನ್ರೀ?”

ನನಗೆ ಥಟ್ಟನೆ ಮಾತು ಹೊರಡಲಿಲ್ಲ. ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ. ಮಿತ ನೀರಿನ ಬೆಳೆಗಳಿಗೆಂದು ಯೋಜಿಸಿದ ಕಾಲುವೆ ಅದು. ಮೇಲೆ ಭತ್ತದ ಗದ್ದೆಗಳು ಹಬ್ಬಿದ ಮೇಲೆ ಮಾನ್ವಿ, ಸಿರವಾರ, ರಾಯಚೂರು ಕಡೆಯ ಕೊನೆ ಭಾಗದ ರೈತರು ಪ್ರತಿ ಸಲ ನೀರಿಗಾಗಿ ಬೀದಿಗಿಳಿಯುವುದನ್ನು ನಾವೆಲ್ಲ ನೋಡುತ್ತಲೇ ಬಂದಿದ್ದೇವೆ. ಮೇಲ್ಭಾಗದಲ್ಲಿ ನೀರು ನಿಂತು ಭೂಮಿ ಸವಳು–ಜವಳಾಗುತ್ತದೆ, ಕೆಳಗೆ ಭೂಮಿ ಬಾಯಿ ಬಿಡುತ್ತದೆ. ಅವಳಿಗೆ ಆ ವಿಷಯ ಅಂಗೈಯಷ್ಟು ಪರಿಚಯ. ಅದಕ್ಕೇ ನಾಲ್ಕು ನಿಮಿಷದಲ್ಲಿ ಮುಗಿಸಿದಳು. ತಪ್ಪು ಮಾಡಿದ್ದೂ ಅದಕ್ಕೇ.

ಓದಿನ ವೇಗದ ಬಗ್ಗೆ ನಾನು ಹತ್ತು ವರ್ಷದಿಂದ ತಲೆ ಕೆಡಿಸಿಕೊಂಡಿದ್ದೇನೆ. ಮೊದಲು ನನ್ನ ಸಲುವಾಗಿ, ಈಗ ಈ ಮಕ್ಕಳ ಸಲುವಾಗಿ. ನಾನು ಮಸ್ಕಿ ಹತ್ತಿರದ ಹಳ್ಳಿಯವಳು. ಹತ್ತನೆಯವರೆಗೆ ಕನ್ನಡ ಮಾಧ್ಯಮ. ಪದವಿ ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಕೂತಾಗ ಗಣಿತ, ತಾರ್ಕಿಕ ಸಾಮರ್ಥ್ಯ ಎರಡರಲ್ಲೂ ತೊಂದರೆ ಆಗಲಿಲ್ಲ. ಇಂಗ್ಲಿಷ್ ಗದ್ಯಭಾಗ ಬಂದಾಗ ಮಾತ್ರ ಕೈಕಾಲು ತಣ್ಣಗಾಗುತ್ತಿತ್ತು. ಈಗ ಬ್ಯಾಂಕ್ ಕ್ಲರ್ಕ್ ಪೂರ್ವಭಾವಿ ಪರೀಕ್ಷೆಯಲ್ಲಿ ಇಂಗ್ಲಿಷಿಗೆ 30 ಪ್ರಶ್ನೆ, 20 ನಿಮಿಷ. ಒಂದು ಪ್ರಶ್ನೆಗೆ 40 ಸೆಕೆಂಡು, ಗದ್ಯಭಾಗ ಓದುವ ಹೊತ್ತೂ ಅದರೊಳಗೇ ಬರಬೇಕು. ತಪ್ಪಿಗೆ ಕಾಲು ಅಂಕ ಹೋಗುತ್ತದೆ.

ವೇಗ ಹೆಚ್ಚಿಸಿಕೊಳ್ಳಬೇಕೆಂದು ಒಂದು ಕೋಚಿಂಗ್ ಸೆಂಟರಿಗೆ ಸೇರಿದೆ. ಮನಸ್ಸಿನಲ್ಲಿ ಶಬ್ದ ಉಚ್ಚರಿಸಬಾರದು, ಓದಿದ್ದಕ್ಕೆ ಹಿಂದಿರುಗಬಾರದು, ಬೆರಳು ಇಡಬಾರದು, ಒಂದೇ ನೋಟಕ್ಕೆ ಮೂರು ಸಾಲು ಹಿಡಿಯಬೇಕು ಎಂದು ಅಲ್ಲಿ ಕಲಿಸಿದರು. ನಾನು ನಂಬಿದೆ. ಮೂರು ತಿಂಗಳು ಮೊಬೈಲಿನ ಸ್ಟಾಪ್‌ವಾಚ್ ಮುಂದಿಟ್ಟುಕೊಂಡು ಅದನ್ನೇ ಮಾಡಿದೆ. ಹೊತ್ತು ಕಡಿಮೆಯಾಯಿತು, ಅಂಕವೂ ಕಡಿಮೆಯಾಯಿತು. ಒಂದು ಅಣಕು ಪರೀಕ್ಷೆಯಲ್ಲಿ 26 ಪ್ರಶ್ನೆ ಮುಟ್ಟಿ 14 ಸರಿ ಮಾಡಿದ್ದೆ. ಹನ್ನೆರಡು ತಪ್ಪಿಗೆ ಮೂರು ಅಂಕ ಕಳೆದು ಉಳಿದದ್ದು 11. ಪಕ್ಕದಲ್ಲಿ ಕೂತಿದ್ದ ದೇವದುರ್ಗದ ಗೆಳತಿ 18 ಮಾತ್ರ ಮುಟ್ಟಿ 16 ಸರಿ ಮಾಡಿ ಹದಿನೈದೂವರೆ ತಗೊಂಡಿದ್ದಳು. ಅವಳು ತುಟಿ ಅಲ್ಲಾಡಿಸುತ್ತ ಓದುವವಳು. ಅದಕ್ಕೇ ಬೈಸಿಕೊಳ್ಳುತ್ತಿದ್ದವಳು.

ಆ ದಿನ ಊರಿಗೆ ಹೋದೆ. ಹಿಂಗಾರಿ ಬಿತ್ತನೆಯ ಹೊತ್ತು. ಅಪ್ಪನಿಗೆ ಎಲ್ಲ ಹೇಳಿಕೊಂಡೆ. ಪರೀಕ್ಷೆಯ ವಿಷಯ ಅವರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. “ಕೂರಿಗಿ ಮುಂದ ಎತ್ತು ಓಡಿಸಿದ್ರ ಹೊಲ ಲಗೂನ ಮುಗೀತದ. ಬೀಜ ತೆಳ್ಳಗ ಬೀಳ್ತದ” ಎಂದಷ್ಟೇ ಅಂದರು. ಬಟ್ಟಲಿಗೆ ಬೀಜ ಬಿಡುವ ಕೈಗೆ ತನ್ನದೇ ಒಂದು ವೇಗವಿದೆ. ಎತ್ತಿನ ಕಾಲು ಅದನ್ನು ಮೀರಿದರೆ ಬೆಳೆ ಎದ್ದ ಮೇಲೆ ಸಾಲಿನಲ್ಲಿ ಬೋಳು ಕಾಣುತ್ತದೆ. ನನ್ನ ಓದಿನಲ್ಲಿ ಅಂಥ ಬೋಳು ಬಿದ್ದಿತ್ತು.

ಅಪ್ಪ ಓದಿದ್ದು ನಾಲ್ಕನೇ ಇಯತ್ತೆ. ಕಾಗದ ಓದುವಾಗ ಪ್ರತಿ ಶಬ್ದದ ಕೆಳಗೆ ತೋರುಬೆರಳು ಇಡುತ್ತಾರೆ, ಮೆಲ್ಲನೆ ದನಿ ಮಾಡುತ್ತಾರೆ. ಒಮ್ಮೆ ಪಹಣಿ ತೆಗೆಸಿಕೊಂಡು ಬಂದಾಗ ಕಚೇರಿಯವರೂ ನಾನೂ ಸರಿಯಿದೆ ಎಂದು ನೋಡಿ ಮಡಿಚಿಟ್ಟ ಹಾಳೆಯನ್ನು ಅವರು ರಾತ್ರಿ ಲೈಟಿನ ಕೆಳಗೆ ಬಿಡಿಸಿಕೊಂಡು ಕೂತರು. ಬೆರಳು ಒಂದು ಕಡೆ ನಿಂತಿತು. ಹಿಸ್ಸಾ ನಂಬರಿನಲ್ಲಿ ಒಂದು ಅಂಕಿ ಬದಲಾಗಿತ್ತು. ನಾನು ಪದವೀಧರೆ, ಕಣ್ಣಾಡಿಸಿದ್ದೆ. ಅವರು ಓದಿದ್ದರು. ಇವತ್ತು ಬ್ಯಾಂಕಿನ ಕೌಂಟರಿನಲ್ಲಿ ಕೂತು ಸಾಲದ ಕಾಗದಕ್ಕೆ ಪಹಣಿಯಲ್ಲಿ ಹೊಲದ ಮೇಲಿನ ಋಣ ನಮೂದಾಗುವ 11ನೇ ಕಾಲಂ ನೋಡುವಾಗಲೆಲ್ಲ ನನ್ನ ಬೆರಳು ತಾನಾಗಿ ಆ ಸಾಲಿನ ಕೆಳಗೆ ಹೋಗುತ್ತದೆ.

ಕೆಲಸ ಸಿಕ್ಕಮೇಲೆ ಈ ಓದಿನ ವಿದ್ಯೆಯ ಬಗ್ಗೆ ವಿಜ್ಞಾನ ಏನು ಹೇಳುತ್ತದೆ ಎಂದು ಹುಡುಕಿ ಓದಿದೆ. ಮೂರು ತಿಂಗಳು ನಾನು ಯಾಕೆ ಕಳೆದುಕೊಂಡೆ ಎಂಬುದು ಗೊತ್ತಾಗಬೇಕಿತ್ತು. ಓದುವಾಗ ಕಣ್ಣು ಸಾಲಿನ ಮೇಲೆ ನೀರಿನಂತೆ ಹರಿಯುವುದಿಲ್ಲ, ಜಿಗಿಯುತ್ತ ನಿಲ್ಲುತ್ತ ಹೋಗುತ್ತದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಪ್ಯಾರಿಸಿನ ಕಣ್ಣಿನ ವೈದ್ಯ ಎಮಿಲ್ ಝಾವಲ್ ಅವರ ಪ್ರಯೋಗಶಾಲೆಯಿಂದ ಈ ಮಾತು ಹೊರಬಂತು. ಒಂದು ನಿಲುಗಡೆ ಸುಮಾರು ಕಾಲು ಸೆಕೆಂಡಿನದು. ಇಂಗ್ಲಿಷ್ ಓದುವವರಿಗೆ ಆ ಕಾಲು ಸೆಕೆಂಡಿನಲ್ಲಿ ಎಡಕ್ಕೆ ಮೂರ್ನಾಲ್ಕು ಅಕ್ಷರ, ಬಲಕ್ಕೆ 14–15 ಅಕ್ಷರದಷ್ಟೇ ಉಪಯೋಗಕ್ಕೆ ಬರುತ್ತದೆ, ಅದರಲ್ಲೂ ಸ್ಪಷ್ಟವಾಗಿ ಕಾಣುವುದು ನಟ್ಟನಡುವಿನ ಕೆಲವೇ ಅಕ್ಷರ. ಮೂರು ಸಾಲು ಒಟ್ಟಿಗೆ ಹಿಡಿಯುವ ಕಣ್ಣು ಯಾರಿಗೂ ಇಲ್ಲ. ಮನಶ್ಶಾಸ್ತ್ರಜ್ಞ ಕೀತ್ ರೇನರ್ ಮತ್ತು ಅವರ ಸಂಗಡಿಗರು ಈ ವಿಷಯದ ಸಂಶೋಧನೆಗಳನ್ನೆಲ್ಲ ಒಟ್ಟು ಮಾಡಿ 2016ರಲ್ಲಿ ಪ್ರಕಟಿಸಿದ ದೀರ್ಘ ಲೇಖನದ ಸಾರವೂ ಇದೇ: ವೇಗ ಎರಡು–ಮೂರು ಪಟ್ಟು ಏರಿಸಿದರೆ ಅರ್ಥ ಕೈಬಿಟ್ಟು ಹೋಗುತ್ತದೆ. ಓದು ನಿಜವಾಗಿ ಚುರುಕಾಗುವುದು ಭಾಷೆಯ ಹಿಡಿತ ಬೆಳೆದಾಗ. ಓದಿದ ಪದಗಳನ್ನು ಮರೆಮಾಡಿ, ಹಿಂದಕ್ಕೆ ಹೋಗಿ ನೋಡಲು ಆಗದಂತೆ ಮಾಡಿದ 2014ರ ಇನ್ನೊಂದು ಪ್ರಯೋಗದಲ್ಲಿ ಓದುಗರ ಅರ್ಥಗ್ರಹಿಕೆ ಕುಸಿಯಿತು. ಅಂದರೆ ಹಿಂದಿರುಗಿ ನೋಡುವುದು ಚಟವಲ್ಲ, ಓದಿನದೇ ಒಂದು ಭಾಗ. ತುಟಿ ಅಲ್ಲಾಡಿಸಿ ಬೈಸಿಕೊಂಡ ನನ್ನ ಗೆಳತಿಗೆ ಇದನ್ನು ಫೋನು ಮಾಡಿ ಹೇಳಿದೆ. ಅವಳೀಗ ಎರಡು ಮಕ್ಕಳ ತಾಯಿ, ಶಾಲೆಯಲ್ಲಿ ಟೀಚರು. ಬಹಳ ಹೊತ್ತು ಮಾತಾಡಿದೆವು.

ಇನ್ನೊಂದು ಅಧ್ಯಯನ 1988ರದು, ಡೋನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಎಂಬ ಇಬ್ಬರು ಅಮೆರಿಕದಲ್ಲಿ ಮಾಡಿದ್ದು. ಏಳು–ಎಂಟನೇ ತರಗತಿಯ 64 ಮಕ್ಕಳಿಗೆ ಬೇಸ್‌ಬಾಲ್ ಆಟದ ಒಂದು ಭಾಗದ ವರ್ಣನೆ ಓದಿಸಿದರು. ಓದಿನಲ್ಲಿ ಹಿಂದಿದ್ದೂ ಬೇಸ್‌ಬಾಲ್ ಚೆನ್ನಾಗಿ ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದ ಮಕ್ಕಳಿಗಿಂತ ಚೆನ್ನಾಗಿ ಗ್ರಹಿಸಿದ್ದರು. ಇದನ್ನು ಓದಿದಾಗ ನನಗೆ ನಮ್ಮ ಮಕ್ಕಳ ನೆನಪಾಯಿತು. ಷೇರುಪೇಟೆ, ಹಣದುಬ್ಬರ, ಕೃತಕ ಬುದ್ಧಿಮತ್ತೆಯ ಗದ್ಯಭಾಗ ಕೊಟ್ಟಾಗ ಎಡವುವ ಇವರು, ಹತ್ತಿ ಕಾಯಿಕೊರಕದ ಬಗ್ಗೆ ಕೊಟ್ಟರೆ ಇಂಗ್ಲಿಷಿನಲ್ಲಿದ್ದರೂ ಸರಾಗ ಓದುತ್ತಾರೆ. ‘ನನ್ನ ಓದು ನಿಧಾನ’ ಎಂದು ಎಷ್ಟೋ ಮಕ್ಕಳು ತಮ್ಮ ತಲೆಯನ್ನೇ ಹಳಿದುಕೊಳ್ಳುತ್ತಾರೆ. ನಿಧಾನವಾಗಿರುವುದು ತಲೆಯಲ್ಲ, ಆ ವಿಷಯದ ಪರಿಚಯ ಇನ್ನೂ ಆಗಿಲ್ಲ ಅಷ್ಟೇ. ಹಾಗಾಗಿ ನಾನು ವೇಗಕ್ಕೆ ಹೇಳುವ ಮೊದಲ ಔಷಧ ಸ್ಟಾಪ್‌ವಾಚ್ ಅಲ್ಲ, ದಿನಪತ್ರಿಕೆ. ರಿಸರ್ವ್ ಬ್ಯಾಂಕು ರೆಪೊ ದರ ಏರಿಸಿದರೆ ನಮ್ಮ ಟ್ರ್ಯಾಕ್ಟರ್ ಸಾಲದ ಬಡ್ಡಿಗೆ ಏನಾಗುತ್ತದೆ ಎಂದು ಒಮ್ಮೆ ಕನ್ನಡದಲ್ಲಿ ಕೂತು ತಿಳಿದುಕೊಂಡವರಿಗೆ ಅದೇ ವಿಷಯದ ಇಂಗ್ಲಿಷ್ ಗದ್ಯಭಾಗ ಅರ್ಧ ಪರಿಚಿತ ಊರಾಗಿರುತ್ತದೆ. ಮೊದಲು ಕನ್ನಡದಲ್ಲಿ, ಆಮೇಲೆ ಅದೇ ಸುದ್ದಿ ಇಂಗ್ಲಿಷಿನಲ್ಲಿ. ಇಂಗ್ಲಿಷೊಂದೇ ಓದಿ ಎಂದು ಒತ್ತಾಯಿಸುವವರ ಮಾತು ನಾನು ಒಪ್ಪುವುದಿಲ್ಲ.

ವೇಗದ ಲೆಕ್ಕದಲ್ಲೂ ನಮ್ಮವರಿಗೆ ಒಂದು ಅನ್ಯಾಯವಾಗುತ್ತಿದೆ. ನಿಮಿಷಕ್ಕೆ ಇಷ್ಟು ಪದ ಓದಬೇಕು ಎಂಬ ಅಳತೆ ಇಂಗ್ಲಿಷಿನದು. ಮನಶ್ಶಾಸ್ತ್ರಜ್ಞ ಮಾರ್ಕ್ ಬ್ರಿಸ್‌ಬಾರ್ಟ್ 2019ರಲ್ಲಿ ಲೆಕ್ಕ ಹಾಕಿದಂತೆ, ಕಥೆಯಲ್ಲದ ಬರಹವನ್ನು ಮನಸ್ಸಿನಲ್ಲೇ ಓದುವ ದೊಡ್ಡವರ ಸರಾಸರಿ ವೇಗ ಇಂಗ್ಲಿಷಿನಲ್ಲಿ ನಿಮಿಷಕ್ಕೆ 238 ಪದ. ಇದನ್ನು ಕನ್ನಡಕ್ಕೆ ಹಾಗೇ ತಂದು ಹಚ್ಚಲಾಗದು. ‘ಬರೆಯಲಾಗದಿದ್ದುದರಿಂದ’ ಎಂಬ ನಮ್ಮ ಒಂದು ಪದಕ್ಕೆ ಇಂಗ್ಲಿಷಿನಲ್ಲಿ ನಾಲ್ಕೈದು ಪದ ಬೇಕು. ಕನ್ನಡ ಪತ್ರಿಕೆ ಓದುವಾಗ ನಿಮಿಷಕ್ಕೆ ನೂರಿಪ್ಪತ್ತೇ ಪದ ಬಂತೆಂದು ಒಬ್ಬ ಹುಡುಗ ಕಣ್ಣಲ್ಲಿ ನೀರು ತಂದುಕೊಂಡಿದ್ದ. ಅವನಿಗೆ ಯಾರೂ ಇದನ್ನು ಹೇಳಿರಲಿಲ್ಲ.

ಎರಡು ಭಾಷೆಯ ನಡುವೆ ಇನ್ನೊಂದು ತೊಡಕಿದೆ, ನಾನು ಬಿದ್ದ ಹಳ್ಳ ಅದು. ಕನ್ನಡದ ವಾಕ್ಯ ತನ್ನ ತೀರ್ಪನ್ನು ಕೊನೆಗೆ ಹೇಳುತ್ತದೆ. ಹೌದೋ ಅಲ್ಲವೋ, ಬಂದನೋ ಬರಲಿಲ್ಲವೋ ಎಂಬುದು ಪೂರ್ಣವಿರಾಮದ ಪಕ್ಕದಲ್ಲಿ ಇರುತ್ತದೆ. ನಾವು ಕೊನೆಯವರೆಗೆ ಕಾದು ಕೂರುವುದಕ್ಕೆ ಒಗ್ಗಿದವರು. ಇಂಗ್ಲಿಷಿನಲ್ಲಿ ‘ನಾಟ್’ ನಡುವೆಯೇ ಬಂದು ಹೋಗಿಬಿಡುತ್ತದೆ, ‘ಅನ್‌ಲೆಸ್’, ‘ಆಲ್‌ದೋ’ ಮೊದಲಲ್ಲೇ ನಿಂತಿರುತ್ತವೆ. ನನ್ನ ಕಣ್ಣು ಕೊನೆಯ ಪದಕ್ಕೆ ಕಾಯುತ್ತ ಅವನ್ನೆಲ್ಲ ದಾಟಿ ಹೋಗುತ್ತಿತ್ತು. ‘ಹಾರ್ಡ್ಲಿ’ ಎಂದರೆ ‘ಬಹಳ ಕಷ್ಟಪಟ್ಟು’ ಎಂದು ತಿಳಿದು ಒಂದಿಡೀ ಗದ್ಯಭಾಗವನ್ನು ತಲೆಕೆಳಗಾಗಿ ಓದಿದ್ದೇನೆ. ಅದರ ಅರ್ಥ ‘ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ’ ಎಂದು ಗೊತ್ತಾದ ದಿನ ಪುಸ್ತಕದ ಹಿಂದಿನ ಹಾಳೆಯಲ್ಲಿ ಅಂಥ ಪದಗಳ ಒಂದು ಪಟ್ಟಿ ಶುರು ಮಾಡಿದೆ. ದೊಡ್ಡ ದೊಡ್ಡ ಪದ ಬಾಯಿಪಾಠ ಮಾಡುವ ಮಕ್ಕಳಿಗೆ ನಾನು ಹೇಳುವುದಿದು: ನಿಮ್ಮ ಅಂಕ ತಿನ್ನುವವು ಸಣ್ಣ ಪದಗಳು.

ಕನ್ನಡದಲ್ಲಿ ಆ ಸಣ್ಣವು ಪದವೂ ಅಲ್ಲ, ಒಂದು ಅಕ್ಷರ. ‘ಭತ್ತವೂ’ ಮತ್ತು ‘ಭತ್ತವೇ’ ನಡುವೆ ಎಷ್ಟು ದೂರ! ‘ಊ’ ಬಂದರೆ ಜೊತೆಗೆ ಬೇರೆಯವೂ ಇವೆ, ‘ಏ’ ಬಂದರೆ ಅದೊಂದೇ. ಪ್ರಶ್ನೆಯ ಬಾಲದಲ್ಲಿ ಬರುವ ‘ಸರಿಯಲ್ಲ’, ‘ತಪ್ಪಾಗಿಲ್ಲ’ ಅಂಥವೇ. ‘ಬಸ್ಸು ಬರದಿದ್ದರೂ ಅವನು ಊರಿಗೆ ಹೋಗದೇ ಇರಲಿಲ್ಲ’ ಎಂಬ ವಾಕ್ಯ ಕೊಟ್ಟು, ಅವನು ಊರಿಗೆ ಹೋದನೋ ಇಲ್ಲವೋ ಎಂದು ಕೇಳಿ ನೋಡಿ. ಮಾತಿನಲ್ಲಿ ಯಾರೂ ತಪ್ಪುವುದಿಲ್ಲ. ಗಡಿಯಾರ ಇಟ್ಟು ಹಾಳೆಯಲ್ಲಿ ಕೊಟ್ಟರೆ ನಮ್ಮ ಎಂಟು ಮಂದಿಯಲ್ಲಿ ಮೂವರು ‘ಹೋಗಲಿಲ್ಲ’ ಎಂದು ಬರೆದರು.

ಮಸ್ಕಿಯ ಬೆಟ್ಟಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವುದು ನನಗೆ ಬಹಳ ಇಷ್ಟ. ಪಾಠಕ್ಕೇ ಕರೆದೊಯ್ಯುತ್ತೇನೆ. ‘ಮೇಲಿನ ಗದ್ಯಭಾಗದಿಂದ ಏನನ್ನು ತೀರ್ಮಾನಿಸಬಹುದು’ ಎಂಬ ಪ್ರಶ್ನೆ ಇದೆಯಲ್ಲ, ಅದನ್ನು ತಿಳಿಸಲು ಅಲ್ಲಿನ ಶಾಸನದ ಬಂಡೆಗಿಂತ ಒಳ್ಳೆಯ ಕಪ್ಪುಹಲಗೆ ನನಗೆ ಸಿಕ್ಕಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಬಿಡಿಸಿ ಓದಿದಾಗ ಶಾಸನಗಳಲ್ಲಿ ಸಿಕ್ಕ ಹೆಸರು ‘ದೇವಾನಾಂಪ್ರಿಯ ಪ್ರಿಯದರ್ಶಿ’. ಯಾರು ಈ ರಾಜ? ಸಿಂಹಳದ ಬೌದ್ಧ ವೃತ್ತಾಂತಗಳ ಆಧಾರದ ಮೇಲೆ ಅಲ್ಲಿನ ಬ್ರಿಟಿಷ್ ಅಧಿಕಾರಿ ಜಾರ್ಜ್ ಟರ್ನರ್ ಅವನು ಅಶೋಕನೇ ಎಂದರು. ಸರಿಯಾದ ಮಾತು. ಆದರೆ ಆ ರಾಜ ಬರೆಸಿದ ಶಾಸನಗಳಲ್ಲಿ ಅಶೋಕ ಎಂಬ ಹೆಸರು ಯಾರಿಗೂ ಕಂಡಿರಲಿಲ್ಲ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತ ಬಂದ ಗಣಿ ಎಂಜಿನಿಯರ್ ಬೀಡನ್ ಅವರಿಗೆ ಮಸ್ಕಿಯಲ್ಲಿ ಈ ಶಾಸನ ಸಿಕ್ಕಿತು. ಅದರ ಮೊದಲಲ್ಲೇ ‘ದೇವಾನಂಪಿಯಸ ಅಸೋಕಸ’ ಎಂದಿದೆ. ಆಮೇಲೆ ನಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದಲ್ಲೂ ಹೆಸರು ಸಿಕ್ಕಿತು.

ಬಂಡೆಯ ಮುಂದೆ ನಿಂತು ಮಕ್ಕಳನ್ನು ಕೇಳುತ್ತೇನೆ. 1914ರಲ್ಲಿ ನಿಮಗೆ ಬೇರೆ ಯಾವುದೋ ಊರಿನ ಶಾಸನದ ಪಠ್ಯ ಒಂದನ್ನೇ ಕೊಟ್ಟು ‘ಈ ಶಾಸನ ಬರೆಸಿದವನು ಅಶೋಕ: ಸರಿ, ತಪ್ಪು, ಹೇಳಲಾಗದು’ ಎಂದು ಕೇಳಿದ್ದರೆ ಯಾವುದಕ್ಕೆ ಗುರುತು ಹಾಕುತ್ತಿದ್ದಿರಿ? ಎಲ್ಲರೂ ‘ಸರಿ’ ಎನ್ನುತ್ತಾರೆ. ಆಮೇಲೆ ಒಬ್ಬರು ನಿಧಾನವಾಗಿ ‘ಹೇಳಲಾಗದು’ ಎನ್ನುತ್ತಾರೆ. ಟರ್ನರ್ ಅವರ ಬಳಿ ಇನ್ನೊಂದು ಗ್ರಂಥವಿತ್ತು. ಪರೀಕ್ಷೆಯಲ್ಲಿ ನಿಮ್ಮ ಬಳಿ ಇರುವುದು ಆ ಗದ್ಯಭಾಗ ಒಂದೇ. ಅಶೋಕನ ಬಗ್ಗೆ ನಿಮಗೆ ಗೊತ್ತಿರುವುದು ನಿಜವಾಗಿದ್ದರೂ ಆ ಹಾಳೆ ಅದನ್ನು ಹೇಳಿದೆಯೇ? ಬೆರಳಿಟ್ಟು ತೋರಿಸಿ.

ಹಾಗೆಂದು ಪರಿಚಯವನ್ನು ಮನೆಯಲ್ಲೇ ಬಿಟ್ಟು ಬನ್ನಿ ಎಂದೇನೂ ಅಲ್ಲ. ಓದುವಾಗ ಅದು ಬೇಕು, ಗುರುತು ಹಾಕುವಾಗ ಅದು ಪಕ್ಕಕ್ಕೆ ಸರಿಯಬೇಕು. ಇದು ಹೇಳುವಷ್ಟು ಸುಲಭವಲ್ಲ. ಸಿರವಾರದ ಹುಡುಗಿಗೆ, ನೀರು ಬಾರದ ಹೊಲದ ಹುಡುಗಿಗೆ, ‘ನಿನಗೆ ಗೊತ್ತಿರುವುದನ್ನು ಪಕ್ಕಕ್ಕಿಡು’ ಎನ್ನುವಾಗ ನನ್ನ ಗಂಟಲೇ ಕಟ್ಟಿತು.

ನಾನು ನಿಜವಾಗಿ ಸುಧಾರಿಸಿದ್ದು ಒಂದು ತಪ್ಪಿನ ವಹಿಯಿಂದ. ಇನ್ನೂರು ಪುಟದ ಸಾದಾ ನೋಟ್‌ಬುಕ್ಕು. ತಪ್ಪಾದ ಪ್ರತಿ ಪ್ರಶ್ನೆಯ ಮುಂದೆ ಸರಿ ಉತ್ತರ ಬರೆಯುತ್ತಿರಲಿಲ್ಲ, ಯಾಕೆ ತಪ್ಪಿತು ಎಂದು ಬರೆಯುತ್ತಿದ್ದೆ. ಪದ ಗೊತ್ತಿರಲಿಲ್ಲ. ‘ನಾಟ್’ ಕಾಣಲಿಲ್ಲ. ಗದ್ಯಭಾಗದಲ್ಲಿಲ್ಲದ್ದನ್ನು ನಾನೇ ಸೇರಿಸಿದೆ. ಹೊತ್ತು ಸಾಲದೆ ಊಹೆ ಮಾಡಿದೆ. ಒಂದು ತಿಂಗಳು ಕಳೆದು ಎಣಿಸಿದಾಗ ಕಣ್ಣು ಕತ್ತಲೆ ಬಂತು. ಹೊತ್ತು ಸಾಲದ್ದರಿಂದ ತಪ್ಪಿದ್ದು ಬೆರಳೆಣಿಕೆಯಷ್ಟು. ಅರ್ಧಕ್ಕಿಂತ ಹೆಚ್ಚು ನಾನೇ ಸೇರಿಸಿದ್ದು, ಇಲ್ಲವೇ ಕಾಣದೆ ದಾಟಿದ್ದು. ಇಷ್ಟು ದಿನ ವೇಗ ವೇಗ ಎಂದು ಗೋಳಾಡಿದ್ದ ನನಗೆ ವೇಗದ ಕಾಯಿಲೆಯೇ ಇರಲಿಲ್ಲ.

ಆಮೇಲೆ ಗಡಿಯಾರ ತೆಗೆದಿಟ್ಟೆ. ಒಂದು ಗದ್ಯಭಾಗಕ್ಕೆ ಎಷ್ಟು ಹೊತ್ತಾದರೂ ಆಗಲಿ, ಪ್ರತಿ ಉತ್ತರಕ್ಕೂ ಅದರ ಸಾಲಿನ ಕೆಳಗೆ ಪೆನ್ಸಿಲ್ ಗೆರೆ. ಪ್ರತಿ ಪ್ಯಾರಾ ಮುಗಿದ ಮೇಲೆ ಹಾಳೆಯಿಂದ ಕಣ್ಣೆತ್ತಿ ‘ಏನಂದ ಇಂವ?’ ಎಂದು ನಮ್ಮ ಮನೆ ಮಾತಿನಲ್ಲಿ ಒಂದು ಸಾಲು ಹೇಳಿಕೊಳ್ಳುವುದು. ಹೇಳಲು ಬರದಿದ್ದರೆ ಓದಿಲ್ಲ ಎಂದೇ ಲೆಕ್ಕ. ಹತ್ತಕ್ಕೆ ಒಂಬತ್ತು ಸರಿ ಬರತೊಡಗಿದ ಮೇಲೆ ವಾರಕ್ಕೆ ಅರ್ಧರ್ಧ ನಿಮಿಷ ಕಡಿತ ಮಾಡಿದೆ. ಹೊತ್ತು ತಾನಾಗಿ ಇಳಿಯಿತು, ಯಾಕೆಂದರೆ ಒಂದೇ ಪ್ಯಾರಾವನ್ನು ಗಾಬರಿಯಲ್ಲಿ ನಾಲ್ಕು ಸಲ ಓದುವುದು ನಿಂತಿತ್ತು. ಪ್ರಶ್ನೆ ಮೊದಲು ಓದಬೇಕೋ ಗದ್ಯಭಾಗ ಮೊದಲೋ ಎಂದು ಎಲ್ಲರೂ ಕೇಳುತ್ತಾರೆ. ಪ್ರಶ್ನೆಗಳ ಮೇಲೆ ಒಂದು ಸಲ ಕಣ್ಣಾಡಿಸಿ, ಉತ್ತರದ ಆಯ್ಕೆಗಳನ್ನು ಮಾತ್ರ ಮೊದಲೇ ಓದಬೇಡಿ ಎನ್ನುತ್ತೇನೆ. ತಪ್ಪು ಆಯ್ಕೆ ಒಮ್ಮೆ ತಲೆಗೆ ಹೊಕ್ಕರೆ ಗದ್ಯಭಾಗದಲ್ಲೂ ಅದೇ ಕಾಣತೊಡಗುತ್ತದೆ.

ಯುಪಿಎಸ್‌ಸಿಯ ಸಿಸ್ಯಾಟ್, ಅಂದರೆ ನಾಗರಿಕ ಸೇವೆಯ ಪೂರ್ವಭಾವಿ ಪರೀಕ್ಷೆಯ ಎರಡನೇ ಪತ್ರಿಕೆ, ಬರೆಯುವವರಿಗೆ ಒಂದು ಮಾತು. 80 ಪ್ರಶ್ನೆ, ಎರಡು ಗಂಟೆ, 200 ಅಂಕ. 2015ರಿಂದ ಅದು ಅರ್ಹತಾ ಪತ್ರಿಕೆ, 33 ಶೇಕಡಾ ಅಂದರೆ 66 ಅಂಕ ಸಾಕು. ಒಂದಕ್ಕೆ ಎರಡೂವರೆ ಅಂಕದಂತೆ, ತಪ್ಪೇ ಇಲ್ಲದೆ 27 ಸರಿ ಮಾಡಿದರೆ ದಾಟಿದಿರಿ. ತಪ್ಪಿಗೆ ಮೂರನೇ ಒಂದು ಭಾಗ ಹೋಗುತ್ತದೆ. ಎಂಬತ್ತನ್ನೂ ಮುಟ್ಟುವ ಓಟ ಅಲ್ಲಿ ಯಾರಿಗೂ ಬೇಕಿಲ್ಲ, ಆದರೂ ನಮ್ಮ ಮಕ್ಕಳು ಓಡುತ್ತಾರೆ. ಸಾಮಾನ್ಯ ಅಧ್ಯಯನದಲ್ಲಿ ಚೆನ್ನಾಗಿ ಮಾಡಿಯೂ ಇದರಲ್ಲಿ ನಿಂತುಹೋದವರು ನನಗೆ ಗೊತ್ತಿದ್ದಾರೆ, ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಸಂವಿಧಾನದ 371(ಜೆ) ಕಲಂ ಬಂದ ಮೇಲೆ ರಾಜ್ಯ ಸರ್ಕಾರದ ಹುದ್ದೆಗಳಲ್ಲಿ ಮೀಸಲಾತಿ ಸಿಕ್ಕಿದೆ. ದೊಡ್ಡ ಆಸರೆ. ಆದರೂ ಹಾಲ್‌ನಲ್ಲಿ ಕೂತಾಗ ಕೈಗೆ ಬರುವ ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ. ಮನೆಯಲ್ಲಿ ಪೇಪರು ಬರದ, ಊರಲ್ಲಿ ಗ್ರಂಥಾಲಯದ ಬಾಗಿಲು ಸರಿಯಾಗಿ ತೆರೆಯದ ಮಕ್ಕಳ ಓದನ್ನು ‘ನಿಧಾನ’ ಎಂದು ಕರೆಯುವ ಮುಂಚೆ ಅವರಿಗೆ ಓದಲು ಏನು ಸಿಕ್ಕಿತ್ತು ಎಂದು ಕೇಳಬೇಕು. ನಮ್ಮ ಮಾಳಿಗೆಗೆ ಎರಡು ಪತ್ರಿಕೆ ತರಿಸುತ್ತೇನೆ. ವಾರದ ಹಳೆ ಪೇಪರನ್ನು ಮಕ್ಕಳು ಹಂಚಿಕೊಂಡು ಊರಿಗೆ ಒಯ್ಯುತ್ತಾರೆ.

ಕಳೆದ ಭಾನುವಾರ ಮತ್ತೆ ಅದೇ ಕಾಲುವೆಯ ಹಾಳೆ ಹಂಚಿದೆ. ಒಂದೇ ಒಂದು ಅಕ್ಷರ ಬದಲಿಸಿದ್ದೆ, ಯಾರಿಗೂ ಹೇಳಿರಲಿಲ್ಲ. “ಹೋದ ವಾರ ಮಾಡಿದ್ದಲ್ರೀ ಅಕ್ಕಾರ” ಎಂದು ಇಬ್ಬರು ಹಳೆಯ ಉತ್ತರಕ್ಕೇ ಗುರುತು ಹಾಕಿ ಪೆನ್ನು ಮುಚ್ಚಿದರು. ಸಿರವಾರದ ಹುಡುಗಿ ಈ ಸಲ ಮೊದಲು ಮುಗಿಸಲಿಲ್ಲ. ಬೆರಳಿಟ್ಟು ಓದುತ್ತಿದ್ದಳು. ಐದು ನಿಮಿಷ ದಾಟಿತು, ಆರು ದಾಟಿತು. ಬೆರಳು ಒಂದು ಕಡೆ ನಿಂತಿತು, ಮತ್ತೆ ಸಾಲಿನ ಮೊದಲಿಗೆ ಹೋಯಿತು, ಮತ್ತೆ ಅಲ್ಲೇ ಬಂದು ನಿಂತಿತು.

“ಅಕ್ಕಾರ, ಇದು ಹೋದ ವಾರದ ಹಾಳಿ ಅಲ್ರೀ. ಅಲ್ಲಿ ‘ಬೆಳೆಯುವುದೂ’ ಅಂತ ಇತ್ತು. ಇಲ್ಲಿ ‘ಬೆಳೆಯುವುದೇ’ ಅಂತ ಆಗೇತಿ.”

ಹೌದು ಎಂದೆ. ಅವಳು ಉತ್ತರಕ್ಕೆ ಗುರುತು ಹಾಕಿ, ಹಾಳೆಯನ್ನು ನನ್ನ ಕೈಗೆ ಕೊಡುತ್ತ ಅಂದಳು: “ಈ ಸಲ ಖರೇ ಬರದೀರಿ ನೋಡ್ರಿ.”